ದಪ್ಪ ಟೈರ್ ಹಾಕಿಸುವ ಮುಂಚೆ ಈ ಲೆಕ್ಕ ನೋಡಿ

ಕಾರಿಗೆ ದಪ್ಪ ಟೈರ್ ಹಾಕಿಸಬೇಕು ಅನ್ನೋ ಆಸೆ ತಪ್ಪೇನಲ್ಲ. ಕಂಪನಿ ಕೊಟ್ಟ ಟೈರ್ ಎಷ್ಟೋ ಕಾರಿಗೆ ಸಣಕಲಾಗೇ ಕಾಣುತ್ತದೆ. ಆದರೆ ಅಂಗಡಿಗೆ ಹೋಗಿ "ಇದಕ್ಕೆ ದೊಡ್ಡದು ಅಂದ್ರೆ ಯಾವುದು ಕೂರುತ್ತೆ?" ಅಂತ ಕೇಳಿದರೆ ಉತ್ತರ ಸಿಗುವುದು ಕೂರುವುದಕ್ಕೆ ಮಾತ್ರ. ನಿಂತ ಕಾರಿಗೆ ಬಹಳಷ್ಟು ಟೈರ್ ಕೂರುತ್ತವೆ. ಐದು ಜನ ಹತ್ತಿ, ಡಿಕ್ಕಿ ತುಂಬಿ, ಹಂಪ್ ಮೇಲೆ ಇಳಿದಾಗ ಹಿಂದಿನಿಂದ "ಸರ್ರ್" ಅಂತ ಸದ್ದು ಬರುತ್ತದಲ್ಲ, ಅದನ್ನು ತಪ್ಪಿಸೋದು ಬೇರೆ ಲೆಕ್ಕ.

ಲೆಕ್ಕ ಕಷ್ಟದ್ದಲ್ಲ. ಸ್ವಿಫ್ಟನ್ನೇ ತಗೊಳ್ಳೋಣ, ನಮ್ಮಲ್ಲಿ ಬೀದಿಗೊಂದು ಇದೆ. 2018ರಲ್ಲಿ ಬಂದ ಸ್ವಿಫ್ಟಿನ ಕೆಳಗಿನ ವೇರಿಯಂಟ್‌ಗಳಿಗೆ 165/80 ಆರ್14. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಕೊನೆಯದು ರಿಮ್ಮಿನ ಅಳತೆ, ಇಂಚಿನಲ್ಲಿ. ಮಧ್ಯದ 80 ಇದೆಯಲ್ಲ, ಹೆಚ್ಚಿನವರು ಎಡವುವುದು ಅಲ್ಲೇ. ಅದು ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ 80. ಅಂದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ 132 ಮಿ.ಮೀ. ಮೇಲೊಂದು ಕೆಳಗೊಂದು ಸೇರಿ 264. ರಿಮ್ 14 ಇಂಚು ಅಂದರೆ 355.6 ಮಿ.ಮೀ. ಎರಡೂ ಕೂಡಿದರೆ ಟೈರಿನ ಪೂರ್ತಿ ಎತ್ತರ ಸುಮಾರು 620 ಮಿ.ಮೀ.

ಈಗ ಅದೇ ಸ್ವಿಫ್ಟಿನ ಟಾಪ್ ವೇರಿಯಂಟ್ ನೋಡಿ, 185/65 ಆರ್15. ಲೆಕ್ಕ ಹಾಕಿದರೆ 621.5 ಬರುತ್ತದೆ. ಟೈರ್ 20 ಮಿ.ಮೀ. ಅಗಲವಾಯಿತು, ರಿಮ್ ಒಂದಿಂಚು ದೊಡ್ಡದಾಯಿತು, ಎತ್ತರ ಮಾತ್ರ ಎರಡು ಮಿಲಿಮೀಟರೂ ಏರಲಿಲ್ಲ. ಕಂಪನಿಯವರು ಸುಮ್ನೆ ಇಟ್ಟ ಸೈಜ್ ಅಲ್ಲ ಇದು. ಅಗಲ ಏರಿಸಿದಾಗ ಮಧ್ಯದ ಅಂಕಿ ಇಳಿಸಬೇಕು, ರಿಮ್ ಏರಿಸಿದಾಗ ಇನ್ನಷ್ಟು ಇಳಿಸಬೇಕು. ಹಳೇ ಎತ್ತರಕ್ಕೂ ಹೊಸ ಎತ್ತರಕ್ಕೂ ಶೇಕಡಾ 3ಕ್ಕಿಂತ ಜಾಸ್ತಿ ವ್ಯತ್ಯಾಸ ಬರಬಾರದು ಅಂತ ಟೈರ್ ಲೈನಿನವರು ಇಟ್ಟುಕೊಂಡಿರುವ ಲೆಕ್ಕ. ನನ್ನ ಕೇಳಿದರೆ ಎರಡರ ಒಳಗೇ ನಿಲ್ಲಿಸಿ.

ಇದೇ ಕಾರಿಗೆ ಯಾರೋ 205/65 ಆರ್15 ಹಾಕಿಸಿದರು ಅಂದುಕೊಳ್ಳಿ. ಎತ್ತರ 647.5 ಆಯಿತು, ಅಂದರೆ 165/80ಕ್ಕಿಂತ ಶೇಕಡಾ 4.5 ಜಾಸ್ತಿ. ಟೈರಿನ ಮೇಲಂಚು 14 ಮಿ.ಮೀ. ಮಡ್‌ಗಾರ್ಡ್ ಕಡೆ ಹೋಯಿತು. ಚಕ್ರದ ಲೆಕ್ಕದಲ್ಲಿ ಮೀಟರ್ 80 ತೋರಿಸುವಲ್ಲಿ ಕಾರು 83 ದಾಟಿ ಓಡುತ್ತಿರುತ್ತದೆ. ಪಿಕಪ್ ಬಿತ್ತು, ಮೈಲೇಜ್ ಬಿತ್ತು, ಘಾಟಿಯಲ್ಲಿ ಮೂರನೇ ಗೇರಿಗೆ ಹತ್ತುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಯಿತು. ಇಷ್ಟೆಲ್ಲಾ ಆದಮೇಲೆ ಉಜ್ಜುವುದು ಬೇರೆ.

ರಿಮ್ ಬದಲಿಸದೆ ಟೈರ್ ಮಾತ್ರ ಸ್ವಲ್ಪ ದಪ್ಪ ಬೇಕು ಅನ್ನುವವರಿಗೆ 14 ಇಂಚಿನಲ್ಲೇ 185/70 ಆರ್14 ಇದೆ, ಎತ್ತರ 614.6, ಶೇಕಡಾ ಒಂದೂ ಕಡಿಮೆಯಾಗುವುದಿಲ್ಲ. ಆದರೆ ರಿಮ್ಮಿನ ಅಗಲ ನೋಡಿಕೊಳ್ಳಿ. ರಿಮ್ ಮೇಲೆ 5ಜೆ, 5.5ಜೆ ಅಂತ ಅಚ್ಚಾಗಿರುತ್ತದೆ, ಆ ಅಂಕಿಯೇ ರಿಮ್ಮಿನ ಅಗಲ, ಇಂಚಿನಲ್ಲಿ. ಪ್ರತಿ ಟೈರಿಗೂ ಎಷ್ಟರಿಂದ ಎಷ್ಟು ಅಗಲದ ರಿಮ್ ಆಗುತ್ತದೆ ಅಂತ ಟೈರ್ ಕಂಪನಿ ಪಟ್ಟಿಯಲ್ಲೇ ಕೊಟ್ಟಿರುತ್ತದೆ, ಅಂಗಡಿಯವರಿಗೆ ತೋರಿಸಿ ಅನ್ನಿ. ಸಣ್ಣ ರಿಮ್ಮಿಗೆ ಅಗಲದ ಟೈರ್ ತುರುಕಿದರೆ ಎರಡೂ ಸೈಡ್‌ವಾಲ್ ಒಳಗೆ ಎಳೆದುಕೊಂಡು ಮಧ್ಯಭಾಗ ಉಬ್ಬುತ್ತದೆ. ಆಮೇಲೆ ಗಾಳಿ ಸರಿಯಾಗಿದ್ದರೂ ಮಧ್ಯವೇ ಮೊದಲು ಸವೆಯುತ್ತದೆ. ದಪ್ಪ ಟೈರಿಗೆ ದುಡ್ಡು ಕೊಟ್ಟು ರೋಡಿಗೆ ತಾಗಿಸುವುದು ಅದರ ನಡುವಿನ ಪಟ್ಟಿ ಮಾತ್ರ!

ಅಲಾಯ್ ಹಾಕಿಸುವವರು ಇನ್ನೊಂದು ಅಂಕಿ ನೋಡಲೇಬೇಕು, ಆಫ್‌ಸೆಟ್. ರಿಮ್ಮಿನ ಅಗಲದ ನಟ್ಟನಡುವಿನಿಂದ ಅದು ಕಾರಿಗೆ ಕೂರುವ ಜಾಗ ಎಷ್ಟು ಮಿ.ಮೀ. ದೂರ ಅನ್ನುವುದು ಇದು. ರಿಮ್ಮಿನ ಹಿಂದೆ "ಇಟಿ" ಅಂತ ಬರೆದು ಪಕ್ಕದಲ್ಲಿ 45, 40, 35 ಹೀಗೆ ಇರುತ್ತದೆ. ನಾಲ್ಕು ಬೋಲ್ಟ್, 100 ಮಿ.ಮೀ. ಪಿಸಿಡಿ (ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ) ಎಷ್ಟೋ ಸಣ್ಣ ಕಾರುಗಳಿಗೆ ಒಂದೇ ಆಗಿರುವುದರಿಂದ ಯಾವುದೋ ಕಾರಿನ ಅಲಾಯ್ ಇನ್ಯಾವುದಕ್ಕೋ ಆರಾಮಾಗಿ ಕೂರುತ್ತದೆ, "ನೋಡಿ ಸಾರ್, ಹೇಗೆ ಕೂತಿದೆ" ಅಂತ ಅಂಗಡಿಯವರು ತೋರಿಸಿಯೂ ಬಿಡುತ್ತಾರೆ. ಇಟಿ 45 ಇದ್ದ ಕಡೆ 35 ಹಾಕಿದರೆ ಚಕ್ರ 10 ಮಿ.ಮೀ. ಹೊರಗೆ ಬರುತ್ತದೆ. ಅದರ ಜೊತೆ ಟೈರ್ 20 ಮಿ.ಮೀ. ಅಗಲ ಮಾಡಿದರೆ ಹೊರಗಡೆಗೆ ಇನ್ನೊಂದು 10. ಒಟ್ಟು ಎರಡು ಸೆಂಟಿಮೀಟರ್. ಹಿಂದಿನ ಮಡ್‌ಗಾರ್ಡಿನ ಒಳ ಅಂಚು ಮಡಚಿದ ತಗಡು, ಚೂಪಾಗಿರುತ್ತದೆ, ಲೋಡ್ ಬಿದ್ದಾಗ ಟೈರಿನ ಭುಜವನ್ನು ಕತ್ತರಿಸುತ್ತದೆ. ಇಟಿ ಜಾಸ್ತಿಯಾದರೆ ಉಲ್ಟಾ, ಚಕ್ರ ಒಳಗೆ ಹೋಗಿ ಶಾಕ್ ಅಬ್ಸಾರ್ಬರಿಗೆ ತಾಗುತ್ತದೆ. ಇದು ಇನ್ನೂ ಅಪಾಯ, ಯಾಕೆಂದರೆ ಹೊರಗಿಂದ ಕಾಣುವುದೇ ಇಲ್ಲ. "ಸ್ಪೇಸರ್ (ಚಕ್ರವನ್ನು ಹೊರಗೆ ತಳ್ಳಲು ಹಿಂದೆ ಕೊಡುವ ಬಿಲ್ಲೆ) ಹಾಕ್ಬಿಡೋಣ" ಅಂತಾರೆ, "ಒಳಗಿನ ಪ್ಲಾಸ್ಟಿಕ್ ಸ್ವಲ್ಪ ಕಟ್ ಮಾಡೋಣ" ಅಂತಾರೆ. ಎರಡಕ್ಕೂ ನನ್ನದು ಬೇಡ. ಸೈಜೇ ಸರಿಯಿದ್ದರೆ ಇವೆಲ್ಲ ಯಾಕೆ ಬೇಕು ಅಲ್ವಾ?

ಸೈಜಿನ ಪಕ್ಕದಲ್ಲಿ 85ಟಿ, 88ಎಚ್ ಅಂತ ಇರುವುದನ್ನೂ ಬಿಡಬೇಡಿ. 85 ಅಂದರೆ ಒಂದು ಟೈರ್ 515 ಕೆಜಿ ಹೊರುತ್ತದೆ, 88 ಅಂದರೆ 560. ಟಿ ಅಂದರೆ ಗಂಟೆಗೆ 190 ಕಿ.ಮೀ. ವೇಗದವರೆಗೆ, ಎಚ್ ಅಂದರೆ 210. ಹಳೆಯದಕ್ಕಿಂತ ಕಡಿಮೆ ಲೋಡಿನದು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಟೈರ್ ಹಾಕಿಸಿದ ಮೇಲೆ ಅಂಗಡಿಯ ಮುಂದೆಯೇ ಪರೀಕ್ಷೆ ಮಾಡಿ, ಹಳೇ ಟೈರ್ ಅವರಿಗೆ ಬಿಟ್ಟುಕೊಡುವ ಮುಂಚೆ. ಸ್ಟೀರಿಂಗ್ ಬಲಕ್ಕೆ ಫುಲ್ ಕಟ್ ಮಾಡಿ ಮುಂದೆ ಹೋಗಿ, ಹಾಗೇ ರಿವರ್ಸ್ ಬನ್ನಿ. ಎಡಕ್ಕೂ ಅಷ್ಟೇ. ರಿವರ್ಸಿನಲ್ಲಿ ಮಾತ್ರ ತಾಗುವ ಕಾರುಗಳಿವೆ, ಅದಕ್ಕೇ ಹೇಳಿದ್ದು. ಹಿಂದಿನ ಸೀಟಿಗೆ ಮೂವರನ್ನು ಕೂರಿಸಿಕೊಂಡು ಒಂದು ಹಂಪನ್ನು ಓರೆಯಾಗಿ ಹತ್ತಿಸಿ ಇಳಿಸಿ. ಆಮೇಲೆ ಇಳಿದು, ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡಿ. ಧೂಳು ಹಿಡಿದ ಪ್ಲಾಸ್ಟಿಕ್ ಮೇಲೆ ಎಲ್ಲಾದರೂ ಕಪ್ಪಗೆ ಮಿರುಗುವ ಪಟ್ಟಿ ಕಂಡರೆ, ಅಥವಾ ಹೊಸ ಟೈರಿನ ಮೇಲಿರುವ ರಬ್ಬರ್ ಕೂದಲು ಒಂದೇ ಸಾಲಿನಲ್ಲಿ ಕಿತ್ತು ಹೋಗಿದ್ದರೆ, ಅಲ್ಲಿ ತಾಗುತ್ತಿದೆ ಅಂತಲೇ ಅರ್ಥ. ಅಲ್ಲೇ ಬದಲಿಸಿಕೊಳ್ಳಿ. ನೂರು ಕಿಲೋಮೀಟರ್ ಓಡಿದ ಟೈರನ್ನು ಹೊಸದರ ರೇಟಿಗೆ ಯಾರೂ ವಾಪಸ್ ತಗೊಳ್ಳುವುದಿಲ್ಲ.

ಸೈಜ್ ಸರಿಯಿದ್ದೂ ಒಂದು ಕಡೆ ಸವೆಯುತ್ತಿದ್ದರೆ ಟೈರೇ ಕಾರಣ ಹೇಳುತ್ತದೆ. ಎರಡೂ ಅಂಚು ಸವೆದು ಮಧ್ಯ ಚೆನ್ನಾಗಿದ್ದರೆ ಗಾಳಿ ಕಮ್ಮಿ. ಮಧ್ಯ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಎಷ್ಟು ಗಾಳಿ ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಸ್ಟಿಕ್ಕರಿನಲ್ಲಿದೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ಹೊಡೆಸಲು ಹೋಗಬೇಡಿ. ಒಳ ಅಂಚೋ ಹೊರ ಅಂಚೋ ಒಂದೇ ನುಣ್ಣಗಾಗಿದ್ದರೆ ಕ್ಯಾಂಬರ್, ಅಂದರೆ ಚಕ್ರ ಒಳಗೋ ಹೊರಗೋ ವಾಲಿರುವುದನ್ನು, ನೋಡಿಸಿ. ಇನ್ನು ಟೋ (ಮೇಲಿಂದ ನೋಡಿದಾಗ ಚಕ್ರದ ಮುಂತುದಿ ಒಳಗೋ ಹೊರಗೋ ತಿರುಗಿರುವುದು) ತಪ್ಪಿದ್ದನ್ನು ಕೈಯಲ್ಲೇ ಹಿಡಿಯಬಹುದು: ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಸವರಿ, ಹೊರಗಿಂದ ಒಳಗೆ ಒಮ್ಮೆ, ಒಳಗಿಂದ ಹೊರಗೆ ಒಮ್ಮೆ. ಒಂದು ಕಡೆ ನಯವಾಗಿ, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಅಲೈನ್‌ಮೆಂಟಿಗೆ ಬಿಡಿ. ಅಲ್ಲಲ್ಲಿ ಗುಂಡಿ ಬಿದ್ದ ಹಾಗೆ ಸವೆದಿದ್ದರೆ ಬ್ಯಾಲೆನ್ಸಿಂಗ್ ನೋಡಿಸಿ, ಅದು ಸರಿಯಿದ್ದರೆ ಶಾಕ್ ಅಬ್ಸಾರ್ಬರ್ ಹೋಗಿರಬಹುದು. ಹೊಸ ಟೈರ್ ಹಾಕಿದ ದಿನವೇ ಅಲೈನ್‌ಮೆಂಟ್, ಆಮೇಲೆ 8–10 ಸಾವಿರ ಕಿ.ಮೀ.ಗೊಮ್ಮೆ ಹಿಂದು ಮುಂದು ಬದಲಿಸುವುದು, ಇಷ್ಟು ಸಾಕು. ಎರಡೇ ಹೊಸ ಟೈರ್ ಕೊಂಡರೆ ಹಿಂದಕ್ಕೆ ಹಾಕಿಸಿ, ಮಳೆಯಲ್ಲಿ ಹಿಂಭಾಗ ಜಾರಿದರೆ ಹಿಡಿಯುವುದು ಕಷ್ಟ.

ಬೈಕಿನವರಿಗೂ ಲೆಕ್ಕ ಇದೇ. 100/90-17 ಇರುವಲ್ಲಿ 120/80-17 ಹಾಕಿದರೆ ಎತ್ತರ ಶೇಕಡಾ 2 ಮಾತ್ರ ಏರುತ್ತದೆ, ಸರಿ. ಆದರೆ ಅಗಲ ಆ ಕಡೆ ಈ ಕಡೆ ಒಂದೊಂದು ಸೆಂಟಿಮೀಟರ್ ಬೆಳೆದಿರುತ್ತದೆ. ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿ, ಚೈನಿಗೂ ಟೈರಿಗೂ ನಡುವೆ ಕಿರುಬೆರಳು ಹೋಗದಿದ್ದರೆ ಆ ಸೈಜ್ ಬಿಡಿ.