ನಿವೃತ್ತಿಯ ಹಣಕ್ಕೆ ನಾಮಿನಿಯೂ ಬೇಕು, ಉಯಿಲೂ ಬೇಕು

ನಿವೃತ್ತಿಗೆಂದು ಕೂಡಿಟ್ಟ ಭವಿಷ್ಯ ನಿಧಿ, ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ), ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ), ಬ್ಯಾಂಕ್ ಠೇವಣಿಗಳಲ್ಲಿ ನಾಮಿನಿಯಾಗಿ ಯಾರ ಹೆಸರಿದೆ ಎಂಬುದನ್ನು ಮೊದಲು ಒಂದೊಂದಾಗಿ ತೆಗೆದು ನೋಡಿ. ನಮ್ಮ ದೊಡ್ಡಪ್ಪನವರು ತೀರಿಕೊಂಡಾಗ ಅವರ ಪಿಪಿಎಫ್ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ, ಮಾಸಿದ ನೀಲಿ ಶಾಯಿಯಲ್ಲಿ, ಅಜ್ಜಿಯ ಹೆಸರಿತ್ತು. ಅಜ್ಜಿ ಹೋಗಿ ಆಗಲೇ ಒಂಬತ್ತು ವರ್ಷವಾಗಿತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ, ಕೊನೆಗೆ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ಎಂದು ದೊಡ್ಡಮ್ಮ ಅಲೆದ ಅಲೆದಾಟ ಒಂದು ನಮೂನೆ ತುಂಬಿಕೊಟ್ಟಿದ್ದರೆ ತಪ್ಪುತ್ತಿತ್ತು.

ನೌಕರರ ಭವಿಷ್ಯ ನಿಧಿಯಲ್ಲಿ ಇನ್ನಷ್ಟು ಎಚ್ಚರ ಬೇಕು. ಮದುವೆಗೆ ಮುಂಚೆ ಮಾಡಿದ ನಾಮನಿರ್ದೇಶನ ಮದುವೆಯಾದೊಡನೆ ಅಸಿಂಧುವಾಗುತ್ತದೆ. ಅಲ್ಲದೆ, ಕುಟುಂಬವಿರುವ ಸದಸ್ಯರು ಕುಟುಂಬದವರನ್ನು ಬಿಟ್ಟು ಬೇರೆಯವರನ್ನು ಹೆಸರಿಸುವಂತಿಲ್ಲ, ಒಡಹುಟ್ಟಿದವರು ಆ ವ್ಯಾಖ್ಯೆಯೊಳಗೆ ಬರುವುದೂ ಇಲ್ಲ. ಕೆಲಸಕ್ಕೆ ಸೇರಿದ ದಿನ ತಮ್ಮನ ಹೆಸರು ಬರೆದು ಮರೆತವರು ಯುಎಎನ್ (ಭವಿಷ್ಯ ನಿಧಿ ಸದಸ್ಯರಿಗೆ ಕೊಡುವ ಗುರುತು ಸಂಖ್ಯೆ) ಮೂಲಕ ಸದಸ್ಯರ ಪೋರ್ಟಲ್‌ಗೆ ಹೋಗಿ ಇ-ನಾಮಿನೇಷನ್ ಮಾಡಬೇಕು. ಆಧಾರ್ ಓಟಿಪಿಯಿಂದ ಇ-ಸೈನ್ (ಆನ್‌ಲೈನ್ ಸಹಿ) ಆಗುವವರೆಗೆ ಅದು ಪೂರ್ಣವಾಗುವುದಿಲ್ಲ.

ನಾಮಿನಿಯಾದವರೇ ಹಣದ ಒಡೆಯರೆಂಬ ನಂಬಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಜಗಳ ಹುಟ್ಟುತ್ತದೆ. ಬ್ಯಾಂಕ್ ಠೇವಣಿಯ ಬಗ್ಗೆ 2010ರಲ್ಲಿ, ಷೇರುಗಳ ಬಗ್ಗೆ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವಂತೆ, ನಾಮಿನಿ ಹಣವನ್ನು ಪಡೆದುಕೊಳ್ಳಬಹುದಾದರೂ ಅದರ ಮೇಲಿನ ಹಕ್ಕು ವಾರಸುದಾರರದು. ಹಿಂದೂ ಪುರುಷರೊಬ್ಬರು ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಪಾಲಿಗೆ ಹಕ್ಕುದಾರರಾಗುತ್ತಾರೆ. ಹೆಂಡತಿಯ ಮುಪ್ಪಿಗೆ ಪೂರ್ತಿ ಹಣ ಉಳಿಯಲಿ ಎಂಬ ಆಸೆಯಿದ್ದರೆ ನಾಮಿನಿ ಕಾಲಂನಲ್ಲಿ ಆಕೆಯ ಹೆಸರು ಬರೆದು ಸುಮ್ಮನಾಗುವುದು ಸಾಲದು, ಉಯಿಲು ಬರೆಯಲೇಬೇಕು.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆಯ ಮೇಲೆ ಪ್ರತಿಯೊಂದು ಖಾತೆಯನ್ನೂ ಗುರುತಿಸಿ, ಯಾರಿಗೆ ಎಷ್ಟು ಎಂದು ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಬೇಕು. ಅವರಿಬ್ಬರೂ ನಿಮ್ಮ ಎದುರಿನಲ್ಲೇ ಸಹಿ ಹಾಕಬೇಕು. ಪಾಲು ಪಡೆಯುವವರನ್ನು ಸಾಕ್ಷಿ ಮಾಡದಿರುವುದೇ ಕ್ಷೇಮ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಕಡ್ಡಾಯವಲ್ಲವಾದರೂ, ಸಹಿಯೇ ಸುಳ್ಳೆಂದು ನಾಳೆ ಯಾರಾದರೂ ತಕರಾರು ತೆಗೆದರೆ ಅದು ನೆರವಿಗೆ ಬರುವುದರಿಂದ ಮಾಡಿಸಿಬಿಡಿ ಎಂದೇ ನಾನು ಹೇಳುತ್ತೇನೆ. ಮನಸ್ಸು ಬದಲಾದರೆ ಹೊಸ ಉಯಿಲು ಬರೆಯಬಹುದು. ಹಿಂದಿನದನ್ನು ರದ್ದುಪಡಿಸಿದ್ದೇನೆಂದು ಅದರಲ್ಲಿ ಸ್ಪಷ್ಟವಾಗಿ ನಮೂದಿಸಿ, ಖಾತೆಗಳ ಪಟ್ಟಿಯೊಡನೆ ಅದನ್ನಿಟ್ಟ ಜಾಗವನ್ನು ಮನೆಯವರಿಗೆ ಇಂದೇ ತೋರಿಸಿಡಿ.