ಕಲ್ಲು ಹೋಯಿತು, ಕಡತ ಕದಲಲಿಲ್ಲ: ಕ್ಲಾಸ್ 1 ಮೆಡಿಕಲ್‌ಗಾಗಿ ಆರು ತಿಂಗಳು

ನಾನು ಪೈಲಟ್ ತರಬೇತಿಯಲ್ಲಿದ್ದೇನೆ. ಕಳೆದ ವಾರ ನನ್ನ ಕ್ಲಾಸ್ 1, ಅಂದರೆ ಕಮರ್ಷಿಯಲ್ ಪೈಲಟ್ ಆಗಲು ಬೇಕಾದ ಮೆಡಿಕಲ್, ಫಿಟ್ ಎಂದು ಬಂತು. ವಿಮಾನಯಾನ ನಿಯಂತ್ರಕ ಡಿಜಿಸಿಎಯ ವೆಬ್‌ಸೈಟ್ ಇಜಿಸಿಎ ತೆರೆದು ಮೂರು ಸಲ ನೋಡಿದೆ, ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. "ಇದು ಆಗೋ ಕೆಲಸ ಅಲ್ಲ, ಯಾರನ್ನಾದರೂ ಹಿಡಿ" ಎಂದು ಹಾಸ್ಟೆಲ್‌ನಲ್ಲಿ ಹೇಳುತ್ತಿದ್ದವರೇ ಈಗ ನನ್ನ ಫೈಲ್ ತೋರಿಸು ಎನ್ನುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನಿಂದ ಬಂದವು. ಸ್ವಲ್ಪ ಹೆಚ್ಚುಕಮ್ಮಿ ಇರಬಹುದು.

ಮೊದಲು ದುಡ್ಡಿನ ಮಾತು. ನನ್ನದು ಸುಮಾರು 45 ಲಕ್ಷದ ಸಾಲ, ಬಡ್ಡಿ ಹತ್ತೂವರೆ ಪರ್ಸೆಂಟ್. ಅಂದರೆ ತಿಂಗಳಿಗೆ 39 ಸಾವಿರ ಬಡ್ಡಿ. ನಾನು ಹಾರಿದರೂ ಅಷ್ಟೇ, ಹಾಸ್ಟೆಲ್‌ನಲ್ಲಿ ಸುಮ್ನೆ ಕೂತರೂ ಅಷ್ಟೇ. ಅದಕ್ಕಿಂತ ಕೆಳಗಿನ ಹಂತದ ಕ್ಲಾಸ್ 2 ಮೆಡಿಕಲ್ ಇಟ್ಟುಕೊಂಡು ಎಸ್‌ಪಿಎಲ್ (ಸ್ಟೂಡೆಂಟ್ ಪೈಲಟ್ ಲೈಸೆನ್ಸ್) ಮಾಡಿ 70 ಗಂಟೆ ಹಾರಿದ್ದೆ. ಕ್ಲಾಸ್ 1 ಆಮೇಲೆ ಮಾಡಿಸಿದರಾಯಿತು ಎಂದುಕೊಂಡಿದ್ದೆ. ಈ ಕಥೆಯ ದೊಡ್ಡ ತಪ್ಪು ಅದೇ. ಫೀಸಿನ ಮೊದಲ ಕಂತು ಕಟ್ಟುವ ಮೊದಲೇ ಕ್ಲಾಸ್ 1 ಮಾಡಿಸಿದ್ದರೆ ಬಡ್ಡಿಯ ಭಯವಿಲ್ಲದೆ ಕಾಯಬಹುದಿತ್ತು.

ಜೂನ್ ಮಧ್ಯದಲ್ಲಿ ಬೆಂಗಳೂರಿನ ಐಎಎಂನಲ್ಲಿ (ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ) ನನ್ನ ಇನಿಶಿಯಲ್, ಅಂದರೆ ಮೊದಲ ಕ್ಲಾಸ್ 1 ಪರೀಕ್ಷೆ, ಆಯಿತು. ಕಣ್ಣು, ಕಿವಿ, ಇಸಿಜಿ, ರಕ್ತ ಎಲ್ಲ ಸರಿ. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಎಡ ಕಿಡ್ನಿಯಲ್ಲಿ ಕಲ್ಲು ಕಂಡಿತು. ಮೂರು ತಿಂಗಳು ಟೆಂಪರರಿ ಅನ್‌ಫಿಟ್. ಅಲ್ಲಿನ ಡಾಕ್ಟರ್ ಕೂರಿಸಿಕೊಂಡು ಸಮಾಧಾನವಾಗಿ ವಿವರಿಸಿದರು. ಕಿಡ್ನಿ ಕಲ್ಲಿನ ನೋವು ಹೇಳಿಕೇಳಿ ಬರುವುದಿಲ್ಲ. ಬಂದರೆ ಮನುಷ್ಯ ನೆಲದ ಮೇಲೆ ಹೊರಳಾಡುತ್ತಾನೆ. ಅದು ವಿಮಾನ ಇಳಿಸುವ ಕೊನೆಯ ಹಂತದಲ್ಲಿ, ಫೈನಲ್ ಅಪ್ರೋಚ್‌ನಲ್ಲಿ, ಬಂದರೆ? ಆ ಮಾತು ನನಗೆ ನಾಟಿತು. ಹಾಗಾಗಿ ಅನ್‌ಫಿಟ್ ಮಾಡಿದ್ದು ಅನ್ಯಾಯ ಅಂತ ನನಗೆ ಯಾವತ್ತೂ ಅನಿಸಲಿಲ್ಲ.

ಹೊರಗೆ ಬಂದಮೇಲೆ ಸಲಹೆಗಳ ಮಳೆ. ಒಬ್ಬ ಸೀನಿಯರ್ "ತಕ್ಷಣ ಆರ್‌ಐಆರ್‌ಎಸ್ ಮಾಡಿಸು, ಕಲ್ಲು ತೆಗೆಸಿಬಿಡು" ಎಂದ. ಅದು ಮೂತ್ರದ ದಾರಿಯಿಂದ ಸ್ಕೋಪ್ ಹಾಕಿ ಲೇಸರಿನಿಂದ ಕಲ್ಲು ಒಡೆಯುವ ಆಪರೇಷನ್. ವಿಚಾರಿಸಿದರೆ ಎಸ್ಟಿಮೇಟ್ ಒಂದು ಲಕ್ಷದ ಆಸುಪಾಸು, ಜೊತೆಗೆ ಸ್ಟೆಂಟ್ (ಮೂತ್ರನಾಳದಲ್ಲಿ ಇಡುವ ಕೊಳವೆ), ಅದನ್ನು ತೆಗೆಸಲು ಇನ್ನೊಂದು ದಿನ. ಇನ್ನೊಬ್ಬ 60 ಸಾವಿರ ಕೊಟ್ಟರೆ "ಫಾಲೋಅಪ್" ಮಾಡಿಕೊಡುವ ಏಜೆಂಟ್ ನಂಬರ್ ಕೊಟ್ಟ. ಮತ್ತೊಬ್ಬ, ಮುಂದಿನ ಸಲ ಫಾರ್ಮ್‌ನಲ್ಲಿ ಹಳೆಯ ಕಾಯಿಲೆ ಬರೆಯಲೇಬೇಡ ಎಂದ. ಈ ಕೊನೆಯ ಸಲಹೆ ಕೇಳಿ ನಿಜಕ್ಕೂ ಸಿಟ್ಟು ಬಂತು. ಮುಚ್ಚಿಟ್ಟ ಕಾಯಿಲೆ ಹತ್ತು ವರ್ಷದ ನಂತರ ಹೊರಬಂದರೆ ಲೈಸೆನ್ಸೇ ಹೋಗಬಹುದು. ಹಿಂದೆ ಕೂತವರ ಜೀವದ ಪ್ರಶ್ನೆಯೂ ಇದೆ, ಅಲ್ವಾ?

ನಾನು ಮೊದಲು ಮಾಡಿದ್ದೂ ತಪ್ಪೇ. ಕಲ್ಲು ನಿಜವಾಗಿ ಎಷ್ಟಿದೆ ಎಂದು ನೋಡಲು ಮೂರು ಕಡೆ ಅಲ್ಟ್ರಾಸೌಂಡ್ ಮಾಡಿಸಿದೆ. ಒಂದೊಂದಕ್ಕೆ 1,200 ರೂಪಾಯಿ. ಒಬ್ಬರು ಒಂದು ಕಲ್ಲು, 6 ಮಿಮೀ ಎಂದರು. ಇನ್ನೊಬ್ಬರು ಎಡಕ್ಕೆ ಎರಡು, ಬಲಕ್ಕೆ ಒಂದು ಎಂದರು. ಮೂರನೆಯವರ ಪ್ರಕಾರ ಕಲ್ಲೇ ಇಲ್ಲ. ಮೂರೂ ರಿಪೋರ್ಟ್ ಹಿಡಿದು ನಾನು ಯಾರಿಗೆ ಏನು ತೋರಿಸಲಿ? ಸಣ್ಣ ಕಲ್ಲಿನ ವಿಷಯದಲ್ಲಿ ಅಲ್ಟ್ರಾಸೌಂಡ್ ಹೀಗೇ. ಇರುವುದನ್ನು ಬಿಡುತ್ತದೆ, ಇಲ್ಲದ್ದನ್ನು ತೋರಿಸುತ್ತದೆ, ಗಾತ್ರವನ್ನು ಜಾಸ್ತಿ ಹೇಳುತ್ತದೆ. ಯೂರಾಲಜಿಸ್ಟ್ ಬಳಿ ಹೋದಮೇಲೆ ಪ್ಲೇನ್ ಸಿಟಿ ಕೆಯುಬಿ (ಕಿಡ್ನಿ, ಮೂತ್ರನಾಳ, ಮೂತ್ರಕೋಶದ ಸಿಟಿ ಸ್ಕ್ಯಾನ್) ಮಾಡಿಸಿದೆ, ಸುಮಾರು 4,500 ರೂಪಾಯಿ. ಎಡ ಕಿಡ್ನಿಯಲ್ಲಿ ಒಂದೇ ಕಲ್ಲು, 4 ಮಿಮೀ. ಬಲದಲ್ಲಿ ಏನೂ ಇಲ್ಲ. ಮೊದಲ ದಿನವೇ ಇದನ್ನು ಮಾಡಿಸಿದ್ದರೆ ಮೂರು ವಾರ ಉಳಿಯುತ್ತಿತ್ತು.

4 ಮಿಮೀ ಆದರೆ ಚೆನ್ನಾಗಿ ನೀರು ಕುಡಿಯುತ್ತಾ, ಕಲ್ಲು ತಾನೇ ಬೀಳಲಿ ಎಂದು ಕಾಯಬಹುದು ಎಂದು ಯೂರಾಲಜಿಸ್ಟ್ ಹೇಳಿದರು. ಹಾಸ್ಟೆಲ್‌ನಲ್ಲಿ ಯಾರೂ ನಂಬಲಿಲ್ಲ. "ನೀರು ಕುಡಿದು ಮೆಡಿಕಲ್ ಪಾಸಾದವರನ್ನು ನೋಡಿಲ್ಲ" ಎಂದರು. ಗಾತ್ರ 8, 10 ಮಿಮೀ ಇರುವವರು ನನ್ನನ್ನು ನೋಡಿ ಕಾಯುತ್ತಾ ಕೂರಬೇಡಿ. ನನ್ನದು ಸಣ್ಣದು, ಜಾಗವೂ ಅನುಕೂಲವಾಗಿತ್ತು, ಮೇಲಾಗಿ ಡಾಕ್ಟರ್ ಹೇಳಿದ್ದರು.

ಕಲ್ಲು ಯಾಕೆ ಬಂತು ಎಂದು ಯೋಚಿಸಿದರೆ ಕಾರಣ ಕಣ್ಣೆದುರೇ ಇತ್ತು. ನಾವು ಹಾರುವ ದಿನ ನೀರು ಕುಡಿಯುವುದಿಲ್ಲ. 300 ನಾಟಿಕಲ್ ಮೈಲಿನ ಕ್ರಾಸ್ ಕಂಟ್ರಿ (ದೂರದ ತರಬೇತಿ ಹಾರಾಟ) ಎಂದರೆ ಪುಟ್ಟ ಸೆಸ್ನಾ 172ರಲ್ಲಿ ಮೂರು ಗಂಟೆ, ಟಾಯ್ಲೆಟ್ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಲೋಟ ಕಾಫಿ, ಆಮೇಲೆ ಮಧ್ಯಾಹ್ನದವರೆಗೆ ಬಿಸಿಲಲ್ಲಿ ವಿಮಾನ ನಿಲ್ಲಿಸುವ ರ‍್ಯಾಂಪ್ ಮೇಲೆ. ಇದನ್ನೇ ಒಂದೂವರೆ ವರ್ಷ ಮಾಡಿದ್ದೆ.

ಡಾಕ್ಟರ್ ಕೊಟ್ಟ ಗುರಿ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ. ಗಮನಿಸಿ, ಅದು ಕುಡಿಯುವ ನೀರಿನ ಲೆಕ್ಕ ಅಲ್ಲ, ಹೊರಬರುವ ಲೆಕ್ಕ. ಒಂದು ಲೀಟರಿನ ಅಳತೆ ಜಗ್ ತಂದು ಪ್ರತಿದಿನ ಬರೆದಿಟ್ಟೆ. ಮೊದಲ ವಾರದ ಸರಾಸರಿ 1.3 ಲೀಟರ್. ನಾನು ಚೆನ್ನಾಗಿ ನೀರು ಕುಡಿಯುತ್ತೇನೆ ಎಂದೇ ನಂಬಿದ್ದೆ! ಎರಡೂವರೆ ಮುಟ್ಟಲು ಮೂರೂವರೆ ಲೀಟರ್ ಹತ್ತಿರ ಕುಡಿಯಬೇಕಾಯಿತು. ರಾತ್ರಿ ಒಮ್ಮೆ ಏಳುವಂತೆ ಕುಡಿಯಬೇಕು, ಅದು ಮುಖ್ಯ.

ಅಜ್ಜಿ ಬಾಳೆದಿಂಡಿನ ರಸ ಕಳಿಸಿಕೊಟ್ಟರು. ಚಿಕ್ಕಮ್ಮ ಹುರುಳಿ ಕಟ್ಟು ಎಂದರು. ಎರಡನ್ನೂ ಬಿಡಲಿಲ್ಲ. ಮೂರು ವಾರ ಬಾಳೆದಿಂಡು, ಮೂರು ವಾರ ಹುರುಳಿ. ಜಗ್ಗಿನ ಲೆಕ್ಕದಲ್ಲಿ ಎರಡಕ್ಕೂ ಬರೀ ನೀರಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಬಾಳೆದಿಂಡು ಕುಡಿಯುವ ನೆಪದಲ್ಲಿ ಬೆಳಿಗ್ಗೆಯೇ ಅರ್ಧ ಲೀಟರ್ ಒಳಗೆ ಹೋಗುತ್ತಿತ್ತು. ಅಷ್ಟು ಲಾಭ. ನಿಜವಾಗಿ ಕಣ್ಣು ತೆರೆಸಿದ್ದು 24 ಗಂಟೆಯ ಮೂತ್ರ ಪರೀಕ್ಷೆ. ಸೋಡಿಯಂ ಜಾಸ್ತಿ, ಕ್ಯಾಲ್ಸಿಯಂ ಜಾಸ್ತಿ, ಕಲ್ಲು ಕಟ್ಟದಂತೆ ತಡೆಯುವ ಸಿಟ್ರೇಟ್ ಕಡಿಮೆ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಮೆಸ್ಸಿನ ಉಪ್ಪಿನಕಾಯಿ, ಹಪ್ಪಳ, ರಾತ್ರಿಯ ಚಿಪ್ಸ್ ಬಿಟ್ಟೆ. ಹಾಲು ಮೊಸರು ಬಿಡಬೇಕು ಎಂದು ಎಲ್ಲರೂ ಹೇಳಿದ್ದರು. ಡಾಕ್ಟರ್ ಬೇಡ ಎಂದರು. ಊಟದ ಜೊತೆ ತಿಂದ ಕ್ಯಾಲ್ಸಿಯಂ ಕಲ್ಲು ಕಟ್ಟಿಸುವ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ. ಮೊಸರನ್ನ ಮುಂದುವರಿಯಿತು, ಆಕ್ಸಲೇಟ್ ಹೆಚ್ಚಿರುವ ಪಾಲಕ್ ನಿಂತಿತು, ಸಿಟ್ರೇಟ್‌ಗೆಂದು ದಿನಕ್ಕೆ ಎರಡು ನಿಂಬೆಹಣ್ಣು ಸೇರಿತು. ಆರು ವಾರದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದಾಗ ಸೋಡಿಯಂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಆ ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿದಾಗ ಆದ ಖುಷಿ ಮೊದಲ ಸಲ ಒಬ್ಬನೇ ವಿಮಾನ ಹಾರಿಸಿದಾಗಿನಷ್ಟೇ ಇತ್ತು.

ಆಗಸ್ಟ್ ಮಧ್ಯದಲ್ಲಿ ಒಂದು ರಾತ್ರಿ ಕಲ್ಲು ಇಳಿಯಿತು. ನೋವು ನಾಲ್ಕು ಗಂಟೆ. ಐಎಎಂ ಡಾಕ್ಟರ್ ಹೇಳಿದ್ದು ಎಷ್ಟು ನಿಜ ಎಂದು ಆ ರಾತ್ರಿ ಗೊತ್ತಾಯಿತು, ಕೈಯಲ್ಲಿ ಯೋಕ್ (ವಿಮಾನದ ಸ್ಟೀರಿಂಗ್) ಹಿಡಿದಿದ್ದರೆ ಏನೂ ಮಾಡಲು ಆಗುತ್ತಿರಲಿಲ್ಲ. ಮೂತ್ರವನ್ನು ಟೀ ಸೋಸುವ ಹೊಸ ಜಾಲರಿಯಲ್ಲಿ ಸೋಸುತ್ತಿದ್ದೆ. ಕಲ್ಲು ಸಿಕ್ಕಿತು! ಅದನ್ನು ಲ್ಯಾಬಿಗೆ ಕಳಿಸಿದೆ, ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಬಂತು. ಕಲ್ಲು ಬಿದ್ದರೆ ಬಿಸಾಡಬೇಡಿ, ದಯವಿಟ್ಟು. ಆ ಒಂದು ಪುಟದ ರಿಪೋರ್ಟ್ ನನ್ನ ಫೈಲಿನ ಜೀವ. ಸೆಪ್ಟೆಂಬರ್ ಮೊದಲ ವಾರ ಲೋ ಡೋಸ್ ಸಿಟಿ ಮಾಡಿಸಿದೆ. ಎರಡೂ ಕಿಡ್ನಿ ಕ್ಲಿಯರ್.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ರಿವ್ಯೂಗೆ (ಮರುಪರೀಕ್ಷೆಗೆ) ಹೋಗಿಬಂದೆ, ಕಾಗದ ಕೊಟ್ಟೆ, ಕಾದೆ. ಏಳು ವಾರ ಕಾದೆ. ಇಜಿಸಿಎಯಲ್ಲಿ ಸ್ಟೇಟಸ್ ಒಂದೇ ಸಾಲಿನಲ್ಲಿ ನಿಂತಿತ್ತು. ಮೊದಲು ದಿನಕ್ಕೊಂದು ಮೇಲ್ ಹಾಕಿದೆ. ಅದು ದಂಡ. ಪ್ರತಿ ಮೇಲ್‌ನಲ್ಲೂ ಒಂದೇ ಗೋಳು, ಹೊಸ ಮಾಹಿತಿ ಏನೂ ಇಲ್ಲ. ಏಜೆಂಟ್ ನಂಬರ್ ಮತ್ತೆ ಕೈಗೆ ಬಂತು. ಒಂದು ರಾತ್ರಿ ಡಯಲ್ ಮಾಡಿ ಕಟ್ ಮಾಡಿದೆ.

ಮಾರನೇ ದಿನ ನನ್ನ ಕಾಗದಗಳನ್ನೇ ಬೇರೆಯವನ ಕಾಗದ ಎಂಬಂತೆ ಓದಲು ಕೂತೆ. ನನ್ನನ್ನು ನೋಡಿಯೇ ಇಲ್ಲದ ಡಾಕ್ಟರ್, ಮುಂದೆ ನೂರು ಫೈಲ್, ನನ್ನದಕ್ಕೆ ಹತ್ತು ನಿಮಿಷ. ಹಾಗೆ ಓದಿದರೆ ತೂತುಗಳು ಒಂದೊಂದೇ ಕಂಡವು.

ಮೊದಲನೆಯದು ಹೆಸರು. ನಮ್ಮ ಕಡೆಯವರ ಹಳೆಯ ಕಷ್ಟ ಇದು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್. ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ. ಲ್ಯಾಬಿನವರು ಬರೀ ಹೆಸರು ಹಾಕಿದ್ದರು, ಒಂದು ಕಡೆ ವಯಸ್ಸು ಕೂಡ ತಪ್ಪು. ಇವೆಲ್ಲ ಒಬ್ಬನದೇ ರಿಪೋರ್ಟ್ ಎಂದು ನೋಡುವವರು ಯಾಕೆ ನಂಬಬೇಕು? ಎರಡನೆಯದು, ಮೊದಲ ಸಿಟಿ ರಿಪೋರ್ಟಿನ ಎರಡನೇ ಪುಟ ಸ್ಕ್ಯಾನ್ ಆಗಿರಲೇ ಇಲ್ಲ. ಕಲ್ಲಿನ ಅಳತೆ ಇದ್ದದ್ದು ಆ ಪುಟದಲ್ಲಿ. ಮೂರನೆಯದು ಯೂರಾಲಜಿಸ್ಟ್ ಪತ್ರ. ಅದರಲ್ಲಿ ಇದ್ದದ್ದು ಒಂದೇ ಸಾಲು, "ಹಾರಲು ಫಿಟ್ ಇದ್ದಾರೆ." ಹಾರಲು ಫಿಟ್ ಎಂದು ಹೇಳುವ ಅಧಿಕಾರ ಅವರದ್ದಲ್ಲ. ಅವರು ಹೇಳಬೇಕಾದದ್ದು ಏನಿತ್ತು, ಯಾವಾಗ ಹೋಯಿತು, ಈಗ ಏನಿದೆ, ಮಾತ್ರೆ ಇದೆಯೇ, ಮತ್ತೆ ಬರುವ ಸಾಧ್ಯತೆ ಎಷ್ಟು, ತಡೆಯಲು ಏನು ಮಾಡುತ್ತಿದ್ದೇವೆ ಎಂದು.

ತಡ ಆಗಿದ್ದು ನನ್ನ ಕಾಗದದಲ್ಲೇ. ಉತ್ತರವಿಲ್ಲದ ಒಂದು ಪ್ರಶ್ನೆ ಇದ್ದರೂ ಫೈಲ್ ಪಕ್ಕಕ್ಕೆ ಹೋಗುತ್ತದೆ.

ಹನ್ನೆರಡು ದಿನ ಬೇರೆ ಕೆಲಸ ಮಾಡಲಿಲ್ಲ. ಎಲ್ಲ ಲ್ಯಾಬಿಗೂ ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ ಹೆಸರು, ಹುಟ್ಟಿದ ದಿನ ತಿದ್ದಿಸಿ ಹೊಸ ಪ್ರಿಂಟ್ ತಂದೆ. ಒಂದು ಕಡೆ ಆಗಲ್ಲ ಎಂದರು. ಅಲ್ಲೇ ಎರಡು ಗಂಟೆ ಕೂತೆ, ಆಯಿತು. ಯೂರಾಲಜಿಸ್ಟ್ ಹತ್ತಿರ ಹೋಗಿ ಬೇಕಾದ ಆರು ಅಂಶ ಕೈಯಲ್ಲಿ ಬರೆದು ಕೊಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, "ಇದನ್ನು ಮೊದಲೇ ಕೇಳಬಾರದಿತ್ತಾ?" ಎಂದು ಅರ್ಧ ಗಂಟೆಯಲ್ಲಿ ಪತ್ರ ಕೊಟ್ಟರು. ಮೇಲೆ ಒಂದು ಪುಟದ ದಿನಾಂಕ ಪಟ್ಟಿ ಹಾಕಿದೆ. ಪ್ರತಿ ಸಾಲಿನ ಕೊನೆಗೆ ಆಧಾರ ಯಾವ ಪುಟದಲ್ಲಿದೆ ಎಂದು ನಂಬರ್. ಒಟ್ಟು 14 ಪುಟ. ಮೂರು ಗೊಂದಲದ ಅಲ್ಟ್ರಾಸೌಂಡ್‌ಗಳನ್ನೂ ಇಟ್ಟೆ, ಮುಚ್ಚಿಡಲಿಲ್ಲ. ಸಿಟಿ ಅವುಗಳ ಗೊಂದಲವನ್ನು ಹೇಗೆ ಬಿಡಿಸಿತು ಎಂದು ಒಂದು ಸಾಲು ಬರೆದೆ. ನೀರಿನ ಲೆಕ್ಕದ ಪುಸ್ತಕ ಇಡೀ ಹಾಕಲಿಲ್ಲ, ವಾರದ ಸರಾಸರಿ ಮಾತ್ರ. ಕವರಿಂಗ್ ಲೆಟರ್ ಐದೇ ಸಾಲು. ಅದರ ಮೊದಲ ಸಾಲನ್ನು ಹೇಗೆ ಬರೆದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಅದಕ್ಕೆ ನಾಲ್ಕು ರಾತ್ರಿ ಕೂತಿದ್ದೇನೆ. ಪುಟಗಳ ಕ್ರಮದಲ್ಲೂ ಒಂದು ಉಪಾಯ ಇದೆ, ಅದೂ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ನಡುವೆ ಇನ್ನೊಂದು ಪ್ರಯೋಗ. ನನ್ನ ರೂಮ್‌ಮೇಟ್‌ಗೆ ಆಡಿಯೋಗ್ರಾಂ (ಕಿವಿ ಪರೀಕ್ಷೆ) ಬಾರ್ಡರ್‌ನಲ್ಲಿ ಬಂದಿತ್ತು. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಸಿಎಒ ಇಟ್ಟ ಮಿತಿ ಇದು: ಕಿವಿಯ ನಷ್ಟ 500, 1000, 2000 ಹರ್ಟ್ಜ್‌ನಲ್ಲಿ 35 ಡೆಸಿಬಲ್, 3000ದಲ್ಲಿ 50 ದಾಟಬಾರದು. ಅವನು ಹಿಂದಿನ ದಿನ ಸಂಜೆಯವರೆಗೂ ರನ್‌ವೇ ಸುತ್ತ ವಿಮಾನದಲ್ಲಿ ಸರ್ಕ್ಯೂಟ್ ಹೊಡೆದು ಬೆಳಿಗ್ಗೆ ಟೆಸ್ಟಿಗೆ ಕೂತಿದ್ದ. ಎರಡು ದಿನ ಎಂಜಿನ್ ಹತ್ತಿರ ಸುಳಿಯದೆ, ಇಯರ್‌ಫೋನ್ ಹಾಕದೆ ಮತ್ತೆ ಮಾಡಿಸಲು ಹೇಳಿದೆ. 3000ದಲ್ಲಿ ಸುಮಾರು 10 ಡೆಸಿಬಲ್ ಸುಧಾರಿಸಿತು. ಒಬ್ಬನ ಮೇಲೆ ಒಂದು ಸಲ ಮಾಡಿದ್ದು, ಅಷ್ಟೇ. ಆದರೂ ಮೆಡಿಕಲ್‌ನ ಹಿಂದಿನ ಎರಡು ದಿನ ಹಾರುವುದು ಬೇಡ ಎಂದೇ ನಾನು ಹೇಳುವುದು.

ಹೊಸ ಫೈಲ್ ಕೊಟ್ಟದ್ದು ನವೆಂಬರ್ ಮಧ್ಯದಲ್ಲಿ. ಈ ಸಲ ಒಂದೇ ಒಂದು ಮೇಲ್ ಹಾಕಿದೆ, ಪಿಎಂಆರ್ (ನನ್ನ ಮೆಡಿಕಲ್ ದಾಖಲೆಯ) ನಂಬರ್ ಮತ್ತು ಏನು ಬದಲಾಗಿದೆ ಎಂಬ ಎರಡು ಸಾಲು ಮಾತ್ರ. 19ನೇ ದಿನ ಫಿಟ್. ಏಳು ವಾರ ಅಲುಗಾಡದ್ದು 19 ದಿನದಲ್ಲಿ ಆಯಿತು. ಏಜೆಂಟ್ ಹಿಡಿ ಎಂದಿದ್ದ ಸೀನಿಯರ್ ಈಗ ತನ್ನ ತಮ್ಮನ ಥೈರಾಯ್ಡ್ ಫೈಲ್ ಕಳಿಸಿದ್ದಾನೆ. ಅದೇ ರೀತಿ ಜೋಡಿಸಿಕೊಟ್ಟಿದ್ದೇನೆ.

ಖರ್ಚಿನ ಲೆಕ್ಕ: ಸ್ಕ್ಯಾನ್, ಸಿಟಿ, ಮೂತ್ರ ಪರೀಕ್ಷೆ, ಡಾಕ್ಟರ್ ಫೀಸು, ಓಡಾಟ ಎಲ್ಲ ಸೇರಿ ಸುಮಾರು 34 ಸಾವಿರ. ಇದರಲ್ಲಿ 10 ಸಾವಿರದಷ್ಟು ನನ್ನ ತಪ್ಪಿನಿಂದ ಎರಡೆರಡು ಸಲ ಮಾಡಿಸಿದ್ದು. ಬಡ್ಡಿ ಮಾತ್ರ ಎರಡು ಲಕ್ಷ ಮೂವತ್ತು ಸಾವಿರ ದಾಟಿದೆ. ಆರ್‌ಐಆರ್‌ಎಸ್ ಮತ್ತು ಏಜೆಂಟ್ ಎರಡೂ ಬೇಡ ಎಂದಿದ್ದರಿಂದ ಉಳಿದದ್ದು ಒಂದು ಲಕ್ಷ ಅರವತ್ತು ಸಾವಿರ.

ಸೋಮವಾರ ಡ್ಯುಯಲ್ ಚೆಕ್ (ಇನ್‌ಸ್ಟ್ರಕ್ಟರ್ ಜೊತೆಗಿನ ಪರೀಕ್ಷಾ ಹಾರಾಟ) ಇದೆ. ಈಗ ವಿಮಾನಕ್ಕೆ ಹೋಗುವಾಗ ಬ್ಯಾಗಿನಲ್ಲಿ ಒಂದು ಲೀಟರ್ ಬಾಟಲಿ ಇರುತ್ತದೆ. ಟೇಕಾಫ್‌ಗೆ ಎರಡು ಗಂಟೆ ಮೊದಲು ಮುಕ್ಕಾಲು ಲೀಟರ್, ಇಳಿದ ತಕ್ಷಣ ಉಳಿದದ್ದು ಮತ್ತು ಇನ್ನೊಂದು ಬಾಟಲಿ. ಜಗ್ಗಿನ ಲೆಕ್ಕ ಭಾನುವಾರಕ್ಕೊಮ್ಮೆ ನಡೆಯುತ್ತಿದೆ, ಹೋದ ಭಾನುವಾರ 2.6. ರಿನ್ಯೂವಲ್‌ಗೆ ವರ್ಷವಿದೆ. ಹತ್ತನೇ ತಿಂಗಳಿಗೆ ಸ್ವಂತ ಖರ್ಚಿನಲ್ಲಿ ಒಂದು ಸ್ಕ್ಯಾನ್ ಮಾಡಿಸುತ್ತೇನೆ, ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ.