ಅಳತೆ ಪುಸ್ತಕದ ಹಿಂದಿನ ಹಾಳೆಗಳು

ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋಗಿ ನಾಲ್ಕು ತಿಂಗಳು ಇದ್ದು ಬಂದೆ. ಅಲ್ಲಿ ಒಂದು ದಿನ ಲಿಫ್ಟಿನಲ್ಲಿ ಮಾತಿಗೆ ಮಾತು ಬಂದು ಒಬ್ಬ ಹೆಣ್ಣುಮಗಳು, "ಕೊಪ್ಪಳದಲ್ಲಿ ಏನೇನಿದೆ ಆಂಟಿ?" ಅಂತ ಕೇಳಿದಳು. "ಏನಿಲ್ಲವಾ, ಬರೀ ಬಿಸಿಲು, ಕಲ್ಲು" ಅಂದುಬಿಟ್ಟೆ. ಆಕೆಯ ಮಹಡಿ ಬಂತು, ಇಳಿದು ಹೋದಳು. ಆ ಮಾತು ಮಾತ್ರ ನನ್ನ ಬೆನ್ನು ಹತ್ತಿ ಊರತನಕ ಬಂತು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ ಬಾಳಿದ ಮನೆ, ಓಣಿ, ಗುಡ್ಡ ಎಲ್ಲವನ್ನೂ ಎರಡೇ ಶಬ್ದದಲ್ಲಿ ಮುಗಿಸಿಬಿಟ್ಟಿದ್ದೆ.

ನಾನು ಟೇಲರ್. ಮನೆಯ ಪಡಸಾಲಿಯಲ್ಲೇ ಮಷೀನು. ಬ್ಲೌಸು, ಶಾಲೆಯ ಯೂನಿಫಾರ್ಮು, ಹಬ್ಬ ಬಂದರೆ ಪರಕಾರ. ಊರಿಗೆ ಬಂದ ವಾರದಲ್ಲೇ ಅಳತೆ ಪುಸ್ತಕವನ್ನು ಹಿಂದುಮುಂದಾಗಿ ತಿರುಗಿಸಿ, ಕೊನೆಯ ಹಾಳೆಯಲ್ಲಿ ನಮ್ಮ ಮನೆಯಲ್ಲಿ ನನಗೆ ಇಷ್ಟವಾದದ್ದನ್ನು ಬರೆಯತೊಡಗಿದೆ. ಮೊದಲ ದಿನ "ಮನೆ ತಂಪು" ಅಂತ ಬರೆದೆ. ಎರಡನೇ ದಿನ "ಓಣಿಯ ಮಂದಿ ಒಳ್ಳೆಯವರು". ಮೂರನೇ ದಿನ "ಗುಡ್ಡ ಚೆಂದ". ನಾಲ್ಕನೇ ದಿನ ಪೆನ್ನು ಹಿಡಿದುಕೊಂಡು ಕೂತರೆ ಏನೂ ಬರಲಿಲ್ಲ. ಅದೇ ಪುಸ್ತಕದ ಮುಂದಿನ ಹಾಳೆಗಳನ್ನು ತಿರುವಿದೆ. ಅಲ್ಲಿ ಯಾರ ಹೆಸರಿನ ಮುಂದೆಯೂ "ಚೆಂದ" ಅಂತ ಬರೆದಿಲ್ಲ. ಎದೆ 36, ಸೊಂಟ 32, ತೋಳು 9, ಎಡ ಭುಜ ಅರ್ಧ ಇಂಚು ಇಳಿಜಾರು ಅಂತ ಇದೆ. ಆ ಅರ್ಧ ಇಂಚು ನೋಡಿದರೆ ಸಾಕು, ಆ ಹೆಣ್ಣುಮಗಳು ಎಡಗಂಕುಳಲ್ಲಿ ಕೂಸು ಎತ್ತಿಕೊಂಡು ನಿಂತದ್ದು ಕಣ್ಣಿಗೆ ಕಟ್ಟುತ್ತದೆ. ಅವತ್ತೇ ಗಟ್ಟಿ ಮಾಡಿಕೊಂಡೆ, ಮನೆಯ ಬಗ್ಗೆಯೂ ಅಳತೆ ಇಲ್ಲದ ಮಾತು ಬರೆಯಬಾರದು ಅಂತ.

ಟೇಪು ತಗೊಂಡು ತಲಬಾಗಿಲಿಗೆ ಹೋದೆ. ಕಲ್ಲು, ಮಣ್ಣು ಸೇರಿಸಿ ಕಟ್ಟಿದ ಗೋಡೆಯ ದಪ್ಪ 26 ಇಂಚು. ಇಷ್ಟು ವರ್ಷ ಕಸ ಹೊಡೆಯುವಾಗ ಆ ಹೊಸ್ತಿಲು ದಾಟಿದ್ದೇನೆ, ಒಮ್ಮೆಯೂ ಅಳೆದಿರಲಿಲ್ಲ. ಮುಂದೆ ಏಪ್ರಿಲ್ ಬಂದಾಗ ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ಒಂದನ್ನು ತಂದೆ. ಮಧ್ಯಾಹ್ನ ಮೂರಕ್ಕೆ ಹೊರಗೆ ಕಟ್ಟೆಯ ನೆರಳಲ್ಲಿ 40, ಒಳಗೆ ಪಡಸಾಲಿಯಲ್ಲಿ 34. ರಾತ್ರಿ ಹತ್ತಕ್ಕೆ ತಿರುವುಮುರುವು, ಹೊರಗೆ ಗಾಳಿ ತಣ್ಣಗಾಗಿದೆ, ಗೋಡೆಗೆ ಬೆನ್ನು ಹಚ್ಚಿದರೆ ಬಿಸಿ. ಹಗಲೆಲ್ಲ ಕುಡಿದ ಬಿಸಿಲನ್ನು ಗೋಡೆ ರಾತ್ರಿ ಬಿಡುತ್ತದೆ. ಬ್ಯಾಸಿಗಿಯಲ್ಲಿ ಮಂದಿಯೆಲ್ಲ ಹಾಸಿಗೆ ಹೊತ್ತು ಮಾಳಿಗಿ ಏರುವುದು ಇದಕ್ಕೇ. "ಮನೆ ತಂಪು" ಅಂತ ಬರೆದದ್ದು ಅರ್ಧ ನಿಜ ಮಾತ್ರ ಅಂತ ಅವತ್ತು ತಿಳಿಯಿತು. ಆ ಸಾಲು ಹೊಡೆದುಹಾಕಿ ಹೊಸದಾಗಿ ಬರೆದೆ.

ವಾಸನೆಯನ್ನು, ಸಪ್ಪಳವನ್ನು ಹೇಗೆ ಅಳೆಯುವುದು? ಇದು ಬಹಳ ದಿನ ಕಾಡಿತು. ಎಲ್ಲಿಯತನಕ, ಎಷ್ಟು ಸಲ, ಎಷ್ಟು ಹೊತ್ತು ಅಂತ ಕೇಳಿಕೊಂಡೆ, ದಾರಿ ಸಿಕ್ಕಿತು. ಸಂಜೆ ಮೂಲೆಯ ಗಾಡಿಯಲ್ಲಿ ಮಿರ್ಚಿ ಕರಿಯುವ ವಾಸನೆ ಗಾಳಿ ನಮ್ಮ ಕಡೆ ಇದ್ದರೆ ಎಂಟನೇ ಮನೆ, ಅಂದರೆ ನಮ್ಮ ಮನೆ ಮುಟ್ಟುತ್ತದೆ, ಇಲ್ಲದಿದ್ದರೆ ಐದಕ್ಕೇ ನಿಲ್ಲುತ್ತದೆ. ಮಗ್ಗುಲ ಮನೆಯ ದೊಡ್ಡವ್ವ ರೊಟ್ಟಿ ಬಡಿಯುವುದನ್ನು ಗೋಡೆಯ ಈಚೆಯಿಂದ ಎಣಿಸಿದೆ. ಒಂದು ರೊಟ್ಟಿಗೆ ಎಪ್ಪತ್ತರಿಂದ ಎಂಬತ್ತು ಬಡಿತ. ಮೊದಲು ನಿಧಾನ, ಹಿಟ್ಟು ಅಗಲವಾದಂತೆ ಚುರುಕು, ಕೊನೆಗೆ ಎರಡು ಗಟ್ಟಿ ಬಡಿತ, ಆಮೇಲೆ ಹಂಚಿನ ಮೇಲೆ ಹಾಕುವ ಮೆತ್ತನೆ ಸಪ್ಪಳ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ಹತ್ತಿರ ಬಂದರೆ ದಾಸೋಹಕ್ಕೆ ಕೊಡಲು ಮನೆಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ. ಹಳ್ಳಿಹಳ್ಳಿಗಳಿಂದ ಗಾಡಿ ತುಂಬಿ ಬರುತ್ತವೆ. ಆ ವಾರ ನಮ್ಮ ಓಣಿಯಲ್ಲಿ ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಹಾಗಂತಲೇ ಬರೆದಿಟ್ಟಿದ್ದೇನೆ, "ಲೆಕ್ಕ ತಪ್ಪಿತು" ಅಂತ.

ದಿನಾ ಬರೆಯಲೇಬೇಕೆಂಬ ಹಟವನ್ನು ಮೊದಲ ತಿಂಗಳಲ್ಲೇ ಬಿಟ್ಟೆ. ರಾತ್ರಿ ನಿದ್ದೆಗಣ್ಣಲ್ಲಿ ಬರೆದದ್ದೆಲ್ಲ ಸಪ್ಪೆ. ಮುಂಜಾನೆ ಮಷೀನಿಗೆ ಎಣ್ಣೆ ಬಿಟ್ಟು ಅದು ಇಳಿಯುವ ಹೊತ್ತಿನಲ್ಲಿ, ವಾರಕ್ಕೆ ಮೂರು ಸಲ. ಅಷ್ಟೇ ಸಾಕಾಯಿತು.

ಒಂದು ದಿನ ಟ್ಯೂಬ್‌ಲೈಟ್ ಎಷ್ಟು ತಾಸು ಉರಿಯುತ್ತದೆ ಅಂತ ಬರೆದೆ. ಹಗಲೇ ಒಂಬತ್ತು ತಾಸು! ಬಿಸಿಲೂರಿನಲ್ಲಿ ಕುಂತು ಹಗಲೊತ್ತು ದೀಪ ಹಚ್ಚಿ ಹೊಲಿಯುತ್ತಿದ್ದೇನೆ. ಕಾರಣ ನನಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಸೋರಿತೆಂದು ಪಡಸಾಲಿಯ ಗವಾಕ್ಷಿಯ, ಅಂದರೆ ಮಾಳಿಗಿಯಲ್ಲಿನ ಬೆಳಕಿಂಡಿಯ ಮೇಲೆ ಕಲ್ಲು ಹೇರಿ ಸಿಮೆಂಟು ಬಳಿಸಿದ್ದೆ. ಅವತ್ತಿನಿಂದ ಒಳಗೆ ಕತ್ತಲೆ, ಒಗ್ಗರಣೆಯ ಘಾಟು ಸಂಜೆಯಾದರೂ ಹೋಗುತ್ತಿರಲಿಲ್ಲ, ಧಗೆ ಬೇರೆ. ಬಿಸಿ ಗಾಳಿ ಮೇಲಕ್ಕೆ ಏರುತ್ತದೆ, ಹೊರಗೆ ಹೋಗಲು ಅದಕ್ಕಿದ್ದ ಒಂದೇ ದಾರಿಯನ್ನು ನಾನೇ ಮುಚ್ಚಿಸಿದ್ದೆ. ಸಂಕ್ರಾಂತಿಗೆ ನಾಲ್ಕು ದಿನ ಮೊದಲು ಗೌಂಡಿಯನ್ನು ಕರೆಸಿ ತೆಗೆಸಿದೆ. ಸುತ್ತ ಒಂದು ಗೇಣು ಎತ್ತರ ಕಟ್ಟೆ, ನಾಲ್ಕೂ ಕಡೆ ಜಾಳಿಗಿ, ಮೇಲೆ ಜಾಳಿಗಿಯಾಚೆ ಚಾಚಿದ ಗಾಜು. ಗಾಳಿಗೆ ದಾರಿಯಾಯಿತು, ಮಳೆಯ ಹನಿ ಒಳಗೆ ಬೀಳುವಂತಿಲ್ಲ.

ಕಲ್ಲು ಸರಿದ ಗಳಿಗೆ ಬಿಸಿಲಿನ ಒಂದು ಚೌಕ ಫರಸಿಯ ಮೇಲೆ ಬಿತ್ತು. ಧೂಳು ಅದರಲ್ಲಿ ಹೊಳೆಯುತ್ತಿತ್ತು. ದೊಡ್ಡವ್ವ ಬಾಗಿಲಲ್ಲೇ ನಿಂತು ನೋಡಿ, "ನಿಮ್ಮತ್ತಿ ಇದನ್ನ ನೋಡಿನ ಹಂಚು ಇಡ್ತಿದ್ಲವಾ. ಬಿಸಿಲು ಒಳ್ಳಿಗೆ ಬಂತಂದ್ರ ರೊಟ್ಟಿ ಹೊತ್ತು" ಅಂದಳು. ಒಳ್ಳು ಅಂದರೆ ಒರಳುಕಲ್ಲು. ನನಗೆ ಈ ಮಾತು ಗೊತ್ತೇ ಇರಲಿಲ್ಲ. ಅತ್ತೆ ಇದ್ದಾಗ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವತ್ತಿನಿಂದ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಫರಸಿಗೆ ಗುರುತು ಹಾಕತೊಡಗಿದೆ. ಗವಾಕ್ಷಿಯ ನಡುವಿನಿಂದ ದಾರಕ್ಕೆ ಕತ್ತರಿ ಕಟ್ಟಿ ಇಳಿಬಿಟ್ಟು, ಅದು ನೆಲ ಮುಟ್ಟಿದಲ್ಲಿ ಒಂದು ಗುಣಾಕಾರದ ಗುರುತು. ನೆಲದಿಂದ ಮಾಳಿಗಿ ಒಂಬತ್ತೂವರೆ ಅಡಿ. ಸಂಕ್ರಾಂತಿಯ ದಿನ ನಡುಮಧ್ಯಾಹ್ನದ ಚೌಕ ಆ ಗುರುತಿನಿಂದ ಉತ್ತರಕ್ಕೆ ಏಳು ಅಡಿ ದೂರ, ಹೆಚ್ಚುಕಡಿಮೆ ಗೋಡೆಯ ಬುಡದಲ್ಲಿ. ನಡುಮಧ್ಯಾಹ್ನ ಅಂದರೆ ಹನ್ನೆರಡಲ್ಲ. ಗಡಿಯಾರದ ಹೊತ್ತು ನಮಗಿಂತ ಬಹಳ ಪೂರ್ವದ ಊರುಗಳ ಲೆಕ್ಕದ್ದು, ನಮ್ಮಲ್ಲಿ ಸೂರ್ಯ ನೆತ್ತಿಯ ಸಾಲಿಗೆ ಬರುವಾಗ ವರ್ಷದ ಬಹುಪಾಲು ದಿನ ಹನ್ನೆರಡು ಇಪ್ಪತ್ತು ದಾಟಿರುತ್ತದೆ. ಇದನ್ನು ನನಗೆ ಬಿಡಿಸಿ ಹೇಳಿದವರು ಯೂನಿಫಾರ್ಮು ಹೊಲಿಸಲು ಬರುವ ಒಬ್ಬ ವಿಜ್ಞಾನದ ಮಾಸ್ತರು. ಶಿವರಾತ್ರಿಗೆ ಚೌಕ ಗೋಡೆ ಬಿಟ್ಟು ಈಚೆ ಬಂತು. ಯುಗಾದಿಗೆ ಇನ್ನೂ ಹತ್ತಿರ. ಸೂರ್ಯ ಉತ್ತರಕ್ಕೆ ಸರಿದಷ್ಟೂ ಮನೆಯೊಳಗಿನ ಬಿಸಿಲು ದಕ್ಷಿಣಕ್ಕೆ ಸರಿಯುತ್ತದೆ.

ಕಲ್ಲಿನ ಕಥೆಗೆ ಮನೆಯ ಗೋಡೆ ಸಾಲಲಿಲ್ಲ. ರವಿವಾರ ಬೆಳಿಗ್ಗೆ ಪಾಲ್ಕಿಗುಂಡಿನ ಗುಡ್ಡ ಏರತೊಡಗಿದೆ. ಎರಡು ಬಂಡೆಗಳ ಮೇಲೆ ಹಾಸುಬಂಡೆ ಕೂತು ದೂರದಿಂದ ಪಲ್ಲಕ್ಕಿ ಹಾಗೆ ಕಾಣುವುದಕ್ಕೇ ಆ ಹೆಸರು. ಅಲ್ಲಿ ಅಶೋಕನ ಶಾಸನ ಇದೆ, ಗವಿಮಠದ ಗುಡ್ಡದಲ್ಲಿ ಇನ್ನೊಂದು. ಕ್ರಿಸ್ತಪೂರ್ವ 3ನೇ ಶತಮಾನದ ಬ್ರಾಹ್ಮಿ ಅಕ್ಷರ, ಪ್ರಾಕೃತ ಮಾತು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಸ್ವರ್ಗ ಪಡೆಯಬಹುದು ಅನ್ನುವುದು ಅದರಲ್ಲಿನ ಮಾತು. ಅಕ್ಷರ ನನಗೆ ಓದಲು ಬರುವುದಿಲ್ಲ, ಅರ್ಥ ಕೇಳಿದ ಮೇಲೆ ಆ ಬಂಡೆಯ ಮುಂದೆ ಬಹಳ ಹೊತ್ತು ನಿಂತಿದ್ದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಗುಡ್ಡದ ಇನ್ನೊಂದು ಬರಹ. ಬಂಡೆಯಲ್ಲಿ ಒಂದು ಜೊತೆ ಪಾದ ಕೆತ್ತಿದ್ದಾರೆ, ಬದಿಯಲ್ಲಿ ಹಳಗನ್ನಡದ ಸಾಲು. ಜಟಾಸಿಂಹನಂದಿ ಆಚಾರ್ಯರ ಪಾದವನ್ನು ಚಾವಯ್ಯ ಮಾಡಿಸಿದ ಅಂತ. ಇಷ್ಟೇ. ಆಚಾರ್ಯರು ಜೈನ ಮುನಿ. ಕೊಪಣ, ಅಂದರೆ ನಮ್ಮ ಕೊಪ್ಪಳ, ಜೈನರ ದೊಡ್ಡ ತೀರ್ಥವಾಗಿದ್ದ ಕಾಲದ್ದು. ಕನ್ನಡದ ತಿರುಳು ಯಾವ ಸೀಮೆಯಲ್ಲಿದೆ ಎಂದು ಹೇಳುವಾಗ ಕವಿರಾಜಮಾರ್ಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆ ಹೆಸರಿಸಿದ್ದು ಇದೇ ಕೊಪಣವನ್ನು. ತನಗೆ ಬೇಕಾದವರ ಪಾದದ ಅಳತೆಯನ್ನು ಒಬ್ಬ ಮನುಷ್ಯ ಕಲ್ಲಿನಲ್ಲಿ ಉಳಿಸಿದ್ದಾನೆ. ದಿನಾ ಅಳತೆ ಬರೆಯುವ ನನಗೆ ಅದು ಎಷ್ಟು ತಟ್ಟಿತೆಂದರೆ, ಇಳಿದು ಬಂದು ಪುಸ್ತಕದಲ್ಲಿ ಚಾವಯ್ಯನ ಹೆಸರನ್ನು ಗಿರಾಕಿಗಳ ಹೆಸರು ಬರೆಯುವ ಹಾಗೇ ಎಡಗಡೆ ಬರೆದೆ.

ನಮ್ಮೂರಲ್ಲಿ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುವ ದಿನ ಮೇ 2. ಅವತ್ತು ಹನ್ನೆರಡು ಗಂಟೆಗೇ ಮಷೀನು ನಿಲ್ಲಿಸಿ ಕೂತೆ. ದೊಡ್ಡವ್ವನೂ ಬಂದಳು. ಹನ್ನೆರಡೂ ಇಪ್ಪತ್ತೆರಡರ ಸುಮಾರಿಗೆ ಬಿಸಿಲಿನ ಚೌಕ ಸರಿಯಾಗಿ ಗುಣಾಕಾರದ ಗುರುತಿನ ಮೇಲೆ ಬಂದು ಕೂತಿತು. ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ್ದ ಒನಕೆಗೆ ನೆರಳೇ ಇಲ್ಲ. ದೊಡ್ಡವ್ವ ಚೌಕದಲ್ಲಿ ಅಂಗೈ ಇಟ್ಟು, "ಸುಡ್ತೈತಿ, ಆದ್ರೂ ತಗೀಬೇಕು ಅನಸವಲ್ದು" ಅಂದಳು. ನಾನು ಫೋಟೊ ತೆಗೆದು ಮಗಳಿಗೆ ಕಳಿಸಿದೆ. "ಏನವ್ವಾ ಅದು?" ಅಂತ ಫೋನು ಬಂತು. ಬಿಸಿಲು ಅಂದೆ. ಆಮೇಲೆ ಅರ್ಧ ತಾಸು ಗವಾಕ್ಷಿ, ಅತ್ತೆಯ ಒಳ್ಳು, ಚಾವಯ್ಯ ಎಲ್ಲವನ್ನೂ ಹೇಳಿದೆ. ಕೂಸು ಅಳುವತನಕ ಆಕೆ ಫೋನು ಇಡಲಿಲ್ಲ.

ಜೂನ್ 21ಕ್ಕೆ ಚೌಕ ಗುರುತಿನಿಂದ ದಕ್ಷಿಣಕ್ಕೆ ಹದಿನಾರು ಇಂಚು ಹೋಗಿತ್ತು, ಮೋಡದ ನಡುವೆ ಎರಡೇ ನಿಮಿಷ ಸಿಕ್ಕಿತು. ಆಗಸ್ಟ್ ಎರಡನೇ ವಾರ ಅದು ಮತ್ತೆ ಗುರುತಿನ ಮೇಲೆ ಬರುತ್ತದೆ. ಅಷ್ಟೊತ್ತಿಗೆ ಮಗಳು ಕೂಸು ಕರಕೊಂಡು ಬರುತ್ತೇನೆ ಅಂದಿದ್ದಾಳೆ. ಫರಸಿ ಒರೆಸುವಾಗ ಚಾಕಿನ ಗುರುತು ಬಿಟ್ಟು ಸುತ್ತ ಮಾತ್ರ ಒರೆಸುತ್ತಿದ್ದೇನೆ.